ವಿಂದಿಯಾ ಮೂಳೆಯ ವಯಸ್ಸು ಯಾಕೆ ಬದಲಾಯ್ತು?

ಕೋಥ್ರೂಡ್ ಓದುಗ: ಭಾನುವಾರ ಪುಣೆಯ ನಮ್ಮ ಕನ್ನಡ ಬಳಗದಲ್ಲಿ ನಿಯಾಂಡರ್ತಾಲ್ (ಅಳಿದುಹೋದ ಪ್ರಾಚೀನ ಮಾನವರು) ಚರ್ಚೆ ಇದೆ. ಕ್ರೊಯೇಷಿಯಾದ ವಿಂದಿಯಾ ಗುಹೆಯಲ್ಲಿ ಸಿಕ್ಕ ಅವರ ಮೂಳೆಗಳಿಗೆ ಹಳೆಯ ಪುಸ್ತಕಗಳು 28-29 ಸಾವಿರ ವರ್ಷ ಅನ್ನುತ್ತವೆ, ಈಗ 44 ಸಾವಿರಕ್ಕೂ ಹಿಂದೆ ಅಂತಾರೆ. ಯಾವುದನ್ನು ನಂಬೋದು?

ಕಾಲಗಣಕ: ಎರಡನೆಯದನ್ನು. ಮೂಳೆಯ ವಯಸ್ಸು ಅಳೆಯೋದು ಇಂಗಾಲ-14ರಿಂದ, ಅಂದರೆ ಜೀವಿ ಸತ್ತ ಮೇಲೆ ನಿಧಾನವಾಗಿ ಕರಗುತ್ತಾ ಹೋಗುವ ವಿಕಿರಣಶೀಲ ಇಂಗಾಲದಿಂದ; ಸುಮಾರು 50,000 ವರ್ಷಕ್ಕೆ ಅದು ಹೆಚ್ಚುಕಡಿಮೆ ಖಾಲಿ. ಆ ಅಂಚಿನಲ್ಲಿ ಶೇ 1ರಷ್ಟು ಹೊಸ ಇಂಗಾಲ ಸೇರಿದರೂ, ಎಷ್ಟೇ ಹಳೆಯ ಮೂಳೆ 37,000 ವರ್ಷದ್ದೆಂದು ತೋರುತ್ತದೆ. ಮಣ್ಣಿನ ಹ್ಯೂಮಿಕ್ ಆಮ್ಲ, ಮ್ಯೂಸಿಯಂನವರು ಬಳಿದ ಅಂಟು, ಎರಡೂ ಹೀಗೆ ಹೊರಗಿನ ಇಂಗಾಲ ನುಸುಳಿಸುವ ಕಳ್ಳರೇ.

ಕ್ರಮ ಹೀಗೆ: ಮೂಳೆಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟು ಖನಿಜ ಕರಗಿಸಿ, ಕ್ಷಾರದಲ್ಲಿ ಹ್ಯೂಮಿಕ್ ತೊಳೆದು, ಪಿಎಚ್ 3ರಲ್ಲಿ ಬಿಸಿ ಮಾಡಿ ಮೂಳೆಯ ಪ್ರೋಟೀನಾದ ಕಾಲಜನ್ ಅನ್ನು ಜೆಲಟಿನ್ ರೂಪದಲ್ಲಿ ತೆಗೆಯೋದು. ನಂತರ ಸಣ್ಣ ಅಣುಗಳನ್ನು ಸೋಸಿ ತೆಗೆಯುವ 30 ಕಿಲೋಡಾಲ್ಟನ್ (ಅಣುತೂಕದ ಅಳತೆ) ಫಿಲ್ಟರ್. ಆ ಫಿಲ್ಟರಿನಲ್ಲೇ ಗ್ಲಿಸರಾಲ್ ಇರುತ್ತೆ, ಅದರಲ್ಲೂ ಇಂಗಾಲವಿದೆ, ಮೊದಲೇ ತೊಳೆಯದಿದ್ದರೆ ಕಥೆ ಮುಗೀತು! ಕಾಲಜನ್ ಶೇ 1ಕ್ಕಿಂತ ಕಡಿಮೆ ಸಿಕ್ಕರೆ, ಇಂಗಾಲ-ಸಾರಜನಕ ಅನುಪಾತ 2.9-3.6ರ ಆಚೆ ಹೋದರೆ, ಫಲಿತಾಂಶ ಬಿಟ್ಟುಬಿಡಿ.

ವಿಂದಿಯಾ ಮೂಳೆಗೆ 2006ರಲ್ಲಿ ಹೀಗೆ ಫಿಲ್ಟರ್ ಮಾಡಿಯೂ 32-33 ಸಾವಿರವೇ ಬಂತು. 2017ರಲ್ಲಿ ಕಾಲಜನ್‌ನ ಅಮೈನೋ ಆಮ್ಲವಾದ ಹೈಡ್ರಾಕ್ಸಿಪ್ರೋಲಿನ್ ಒಂದನ್ನೇ ಬೇರ್ಪಡಿಸಿ ಅಳೆದಾಗ ಅಂಕಿ 44 ಸಾವಿರಕ್ಕೂ ಹಿಂದೆ ಸರಿಯಿತು.

ಕೋಥ್ರೂಡ್ ಓದುಗ: ಹಾಗಾದರೆ ಅಲ್ಲಿ ನಿಯಾಂಡರ್ತಾಲರು ಆಧುನಿಕ ಮಾನವರ ಜೊತೆ ಬದುಕಿದ್ದರು ಅನ್ನೋದು?

ಪದರಪ್ರಿಯೆ: ಅದು ಗುಹೆಯ ಮಣ್ಣಿನ ಜಿ1 ಎಂಬ ಪದರದಲ್ಲಿ ನಿಯಾಂಡರ್ತಾಲ್ ಮೂಳೆಗಳ ಜೊತೆ ಸಿಕ್ಕ, ಆಧುನಿಕ ಮಾನವರದ್ದೆನ್ನುವ ಮೂಳೆಮೊನೆಗಳ (ಮೂಳೆಯ ಚೂಪು ಆಯುಧ) ಮೇಲೆ ನಿಂತ ವಾದ. ಆ ಪದರವೇ ಕಲಸಿಹೋಗಿದೆ, ಹಾಗಾಗಿ ವಾದಕ್ಕೆ ಕಾಲಿಲ್ಲ. ಎರಡು ಗುಂಪುಗಳು ಕೂಡಿ ಮಕ್ಕಳಾದದ್ದಕ್ಕೆ ಗಟ್ಟಿ ಸಾಕ್ಷಿ ಬೇಕೆಂದರೆ ರೊಮೇನಿಯಾದ ವಾಸೆ ದವಡೆ ನೋಡಿ: ಆಧುನಿಕ ಮಾನವನದು, 37-42 ಸಾವಿರ ವರ್ಷ ಹಳೆಯದು, ಡಿಎನ್ಎಯ ಶೇ 6-9 ನಿಯಾಂಡರ್ತಾಲ್. ತಲೆಮಾರು ಕಳೆದಂತೆ ಡಿಎನ್ಎ ತುಂಡುಗಳು ಚಿಕ್ಕದಾಗುತ್ತವೆ; ಇಲ್ಲಿ ಅಷ್ಟು ಉದ್ದವಿರುವುದರಿಂದ ಆ ನಿಯಾಂಡರ್ತಾಲ್ ಪೂರ್ವಜ ಬರೀ 4-6 ತಲೆಮಾರು ಹಿಂದಿನವರು.