ಪದ ಬೇಕು: ‘ಫ್ಲಡ್ ಹಜಾರ್ಡ್ ಝೋನ್’ (ಹೊಳೆದಂಡೆಯ ಫಲಕಕ್ಕೆ, ತುರ್ತು)

ಕಾರವಾರದಿಂದ:
ಗಂಗಾವಳಿ, ಅಘನಾಶಿನಿ ಹೊಳೆಗಳ ನೆರೆ ನಕ್ಷೆ, ಪದರಪದರವಾಗಿ ನಕ್ಷೆ ಮಾಡುವ ತಂತ್ರಾಂಶ ಜಿಐಎಸ್‌ನಲ್ಲಿ ಸಿದ್ಧವಾಗಿದೆ. ದಂಡೆಯ ಊರುಗಳಲ್ಲಿ ನಿಲ್ಲಿಸುವ ಫಲಕದ ಬರಹ ನಾಳೆ ಸಂಜೆಗೆ ಮುದ್ರಣಕ್ಕೆ ಹೋಗಬೇಕು. ಕರಡಿನಲ್ಲಿ ‘ಹಜಾರ್ಡ್’, ‘ರಿಸ್ಕ್’ ಎರಡಕ್ಕೂ ‘ಅಪಾಯ’ ಎಂದೇ ಇದೆ. ನಕ್ಷೆಯಲ್ಲಿ ಇವು ಬೇರೆ ಪದರಗಳು. ನೀರು ಎಲ್ಲಿಗೆ ಬರುತ್ತದೆ, ಎಷ್ಟು ಆಳ, ಎಷ್ಟು ರಭಸ ಎನ್ನುವುದು ಹಜಾರ್ಡ್. ಅದರ ಮೇಲೆ ಮನೆ, ಶಾಲೆ, ರಸ್ತೆ ಕೂಡಿಸಿದರೆ ರಿಸ್ಕ್. ‘ಹಂಡ್ರೆಡ್ ಇಯರ್ ಫ್ಲಡ್’ಗೂ ಒಂದು ಪದ ಕೊಡಿ.

ಶಿರಸಿಯಿಂದ:
‘ನೆರೆ’ಯನ್ನೇ ಉಳಿಸಿಕೊಳ್ಳಿ, ‘ಪ್ರವಾಹ’ ಹತ್ತಿರವೂ ಬರಬಾರದು. ಪ್ರವಾಹ ಬರೀ ಹರಿಯುವುದು, ಬೇಸಿಗೆಯ ಹೊಳೆಗೂ ಅದಿದೆ. ಹಳಗನ್ನಡದ ‘ನೆಱೆ’ ಎಂದರೆ ತುಂಬು, ಪೂರ್ಣವಾಗು. ಹಜಾರ್ಡ್‌ಗೆ ‘ನೆರೆಗೇಡು’ ಎನ್ನಿ.

ಕುಮಟಾದಿಂದ:
ನೆರೆಗೇಡು ಸಲ್ಲದು. ಕೇಡು ಎಂದರೆ ಆಗಿಹೋದ ಹಾನಿ. ಹಜಾರ್ಡ್ ಪದರದಲ್ಲಿ ಹಾನಿಯ ಲೆಕ್ಕವೇ ಇಲ್ಲ, ಮನುಷ್ಯರಿಲ್ಲದ ಕಾಡಿನ ತಗ್ಗೂ ಅದರಲ್ಲಿ ಆಳ ನೀರಿನ ಕಡುನೀಲಿ. ಫಲಕಕ್ಕೆ ‘ನೆರೆ ನುಗ್ಗುವ ಜಾಗ’, ರಿಸ್ಕ್ ನಕ್ಷೆಗೆ ‘ನೆರೆ ಅಪಾಯ’. ಆಳವನ್ನು ಮೀಟರಿನ ಜೊತೆಗೆ ಮೊಣಕಾಲು, ಸೊಂಟ, ಎದೆಮಟ್ಟ ಎಂದೂ ಬರೆಯಿರಿ.

‘ನೂರು ವರ್ಷದ ನೆರೆ’ ಎಂದು ಮಾತ್ರ ಬರೆಯಬೇಡಿ. ಒಮ್ಮೆ ಬಂದರೆ ಇನ್ನು ನಮ್ಮ ಕಾಲಕ್ಕಿಲ್ಲ ಎಂದು ಜನ ಓದುತ್ತಾರೆ. 2019ರಲ್ಲಿ ಉಕ್ಕಿದ ಗಂಗಾವಳಿ 2021ರಲ್ಲಿ ಮತ್ತೆ ಉಕ್ಕಿತು. ‘ಯಾವ ವರ್ಷವಾದರೂ ನೂರಕ್ಕೆ 1ರ ಸಾಧ್ಯತೆ’ ಎನ್ನಿ. 30 ವರ್ಷ ಬಾಳುವ ಮನೆಗೆ, ಆ ಅವಧಿಯಲ್ಲಿ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 26.

ಹೊನ್ನಾವರದಿಂದ:
ಗಜನಿಗೆ (ಉಪ್ಪುನೀರು ಹತ್ತುವ ಹೊಳೆಬದಿಯ ತಗ್ಗು ಗದ್ದೆ) ಯಾವ ಬಣ್ಣ ಕೊಟ್ಟಿದ್ದೀರಿ? ನೆಲದ ಎತ್ತರ ಒಂದನ್ನೇ ಹಿಡಿದರೆ ಅಘನಾಶಿನಿಯ ಗಜನಿಯೆಲ್ಲ ಕಡುನೀಲಿ ಆಗುತ್ತದೆ. ಅಲ್ಲಿ ಉಬ್ಬರದ ನೀರು ಬರುವುದು ನಿತ್ಯದ ಮಾತು. ‘ನೆರೆ ನುಗ್ಗುವ ಜಾಗ’ ಎಂದರೆ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವವರು ಫಲಕವನ್ನೇ ನಂಬಲಾರರು. ‘ಉಬ್ಬರದ ನೀರು’ ಎಂದು ಬೇರೆ ವರ್ಗ ಮಾಡಿ.

ಎತ್ತರದ ದತ್ತಾಂಶ ಬಾಹ್ಯಾಕಾಶ ನೌಕೆಯ ರೇಡಾರ್ ಅಳತೆಯಾದ ಎಸ್‌ಆರ್‌ಟಿಎಂನ, 30 ಮೀಟರಿಗೊಂದು ಬಿಂದುವಿನದಾದರೆ ಇನ್ನೂ ಎಚ್ಚರ ಬೇಕು. ಅದರ ರೇಡಾರ್ ಅಡಿಕೆ, ತೆಂಗಿನ ತೋಟದಲ್ಲಿ ಬಹುಮಟ್ಟಿಗೆ ನೆಲ ಮುಟ್ಟುವುದಿಲ್ಲ, ಮರದ ಮೇಲ್ಭಾಗದ ಹತ್ತಿರವೇ ಹಿಡಿಯುತ್ತದೆ. ತೋಟ ದಿಬ್ಬವಾಗಿ ಕಾಣುತ್ತದೆ, ಮುಳುಗುವ ತೋಟ ನಕ್ಷೆಯಲ್ಲಿ ಒಣಗಿರುತ್ತದೆ. ಲೆವೆಲ್ (ಎತ್ತರ ಅಳೆಯುವ ಉಪಕರಣ) ಹಿಡಿದು ಕೆಲವು ಬಿಂದುಗಳನ್ನು ಅಳೆದು ತಿದ್ದಿ. ನೆರೆಯ ಲೆಕ್ಕದಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಬದಿಯ ಗಡಿಗೆ ಸರಾಸರಿ ಸಮುದ್ರಮಟ್ಟ ಕೊಡಬೇಡಿ, ದೊಡ್ಡ ಉಬ್ಬರದ ಮಟ್ಟ ಕೊಡಿ. ನೆರೆ ಇಳಿಯಲು ಬಿಡದೆ ಹಿಂದಕ್ಕೆ ಒತ್ತುವುದು ಅದೇ.

ಶಿರಸಿಯಿಂದ:
ಚರ್ಚೆ ಪದದ್ದು. ‘ಜಾಗ’ ಪಾರ್ಸಿ, ‘ಅಪಾಯ’, ‘ಸಾಧ್ಯತೆ’ ಸಂಸ್ಕೃತ. ‘ನೆರೆನೆಲೆ’ ಎಂದರೆ ಏನು ಕಷ್ಟ?

ಕುಮಟಾದಿಂದ:
ಅದನ್ನು ಓದಿದವರು ನೆರೆ ಬಂದಾಗ ಹೋಗಿ ಸೇರಬೇಕಾದ ಆಸರೆ ಅಂದುಕೊಳ್ಳುತ್ತಾರೆ ಮಾರಾಯ್ರೇ! ಜೀವದ ಪ್ರಶ್ನೆ ಇದು. ನಮ್ಮ ‘ಖಾರ್‌ಲ್ಯಾಂಡ್ ಒಡ್ಡು’ (ಗಜನಿಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ತಡೆ) ನೋಡಿ: ಖಾರ್ ಮರಾಠಿ, ಲ್ಯಾಂಡ್ ಇಂಗ್ಲಿಷ್, ಒಡ್ಡು ಕನ್ನಡ. 1956ರವರೆಗೆ ಮುಂಬೈ ಆಡಳಿತದಲ್ಲಿದ್ದ ಜಿಲ್ಲೆ ಇದು. ಒಡ್ಡು ಒಡೆದ ರಾತ್ರಿ ಆ ಪದ ಎಲ್ಲರಿಗೂ ತಿಳಿಯುತ್ತದೆ, ಅಷ್ಟು ಸಾಕು.

ಶಿರಸಿಯಿಂದ:
ಬಂದದ್ದೆಲ್ಲ ಇರಲಿ ಎಂದರೆ ನಾಳೆ ‘ಝೋನ್’ ಕೂಡ ಕನ್ನಡವೇ. ಒಪ್ಪುವುದಿಲ್ಲ.

ಕಾರವಾರದಿಂದ:
‘ನೆರೆ ನುಗ್ಗುವ ಜಾಗ – ಎದೆಮಟ್ಟ’ ಎಂದು ಕಳಿಸುತ್ತಿದ್ದೇನೆ. ಗಜನಿಯ ಪದರ ಬೇರೆ ಮಾಡಿಯಾಯಿತು. ಕಾಳಿ ಹೊಳೆಯ ಫಲಕದಲ್ಲಿ ಕದ್ರಾ ಅಣೆಕಟ್ಟಿನಿಂದ ಬಿಡುವ ನೀರಿಗೆ ‘ಹೊರಹರಿವು’ ಇರಲಿ, ಪತ್ರಿಕೆಗಳಲ್ಲಿ ರೂಢಿಯಾಗಿದೆ. ಶೀರ್ಷಿಕೆಯಲ್ಲಿ, ಹೊಳೆಗೆ ನೀರು ಹರಿದು ಸೇರುವ ಪ್ರದೇಶಕ್ಕೆ ‘ಕೊಳ್ಳ’ವೋ ‘ಜಲಾನಯನ’ವೋ?

ಹೊನ್ನಾವರದಿಂದ:
ಕೊಳ್ಳ. ಜಲಾನಯನ ಎಂದರೆ ಇಂಗುಗುಂಡಿಯ ಯೋಜನೆ ಅಂದುಕೊಳ್ಳುತ್ತಾರೆ.