‘ಲಘು ಲಾಠಿ ಪ್ರಹಾರ’ದಲ್ಲಿ ‘ಲಘು’ ಯಾರ ಅಳತೆ?

ಎಲ್ಲರಿಗೂ ನಮಸ್ಕಾರ.

ನಾನು ಹಾಸನದಲ್ಲಿ ಕೋರ್ಟ್ ಹತ್ತಿರ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ದೂರು, ಅರ್ಜಿ, ಅಫಿಡವಿಟ್, ಕರಾರು ಪತ್ರ, ದಿನವಿಡೀ ಇದೇ ಟೈಪಿಂಗ್. ಕೆಲವು ಮಾತುಗಳು ನನ್ನ ಬೆರಳಿಗೆ ಎಷ್ಟು ರೂಢಿಯಾಗಿವೆ ಅಂದರೆ, ಮೊದಲ ಅಕ್ಷರ ಒತ್ತಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಮೊನ್ನೆ ಅಂಥದ್ದೇ ಒಂದು ಮಾತಿಗೆ ಬಂದು ಕೈ ನಿಂತಿತು. ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪತ್ರಿಕೆಯಲ್ಲಿ ಬಂದ ಸುದ್ದಿ ಹೆಚ್ಚು ಕಡಿಮೆ ಹೀಗಿತ್ತು. ಪ್ರತಿಭಟನಾಕಾರರು ಮತ್ತು ಪೊಲೀಸರ ನಡುವೆ ಮಾತಿನ ಚಕಮಕಿ ನಡೆದು, ತಳ್ಳಾಟ ನೂಕಾಟ ಉಂಟಾಯಿತು. ಪೊಲೀಸರು ಲಘು ಲಾಠಿ ಪ್ರಹಾರ ನಡೆಸಿ ಗುಂಪನ್ನು ಚದುರಿಸಿದರು. ಒಬ್ಬರ ಕೈಗೆ ಪೆಟ್ಟಾಗಿದೆ.

ಆ ಒಬ್ಬರು ನನ್ನ ಚಿಕ್ಕಪ್ಪ.

ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಕಾಟ ಎಷ್ಟಿದೆ ಅಂತ ನಿಮಗೆಲ್ಲ ಗೊತ್ತು. ಚಿಕ್ಕಪ್ಪನ ಗದ್ದೆಗೆ ಮೂರು ವರ್ಷದಿಂದ ಆನೆ ಇಳಿಯುತ್ತಿದೆ. ಕೊಯ್ಲಿಗೆ ಬಂದ ಬತ್ತ ಒಂದೇ ರಾತ್ರಿ ನೆಲಕ್ಕೆ ಮಲಗುತ್ತದೆ. ಊರಿನ ಮೂವತ್ತು ನಲವತ್ತು ಜನ ಒಂದು ಕಚೇರಿ ಮುಂದೆ ಕೂತರು. ಏಳಿ ಅಂದರು, ಇವರು ಏಳಲಿಲ್ಲ. ಚಿಕ್ಕಪ್ಪ ಕೂತಲ್ಲಿಂದಲೇ ಕೇಳಿದ್ದು ಒಂದೇ ಮಾತು: “ಸಾಹೇಬ್ರು ಬಂದು ಒಂದ್ ಮಾತು ಹೇಳ್ಲಿ ಸಾರ್, ಎದ್ದು ಹೋಗ್ತೀವಿ. ನಮ್ಮನ್ನ ಎಬ್ಬಿಸೋಕೆ ಯಾರ ಆರ್ಡರ್ ಆಗಿದೆ?” ಚಿಕ್ಕಪ್ಪನ ಮಾತು ಸ್ವಲ್ಪ ಜೋರು, ಹೌದು. ಅವರು ಮನೆಯಲ್ಲಿ ಕಾಫಿ ಕೇಳಿದರೂ ಪಕ್ಕದ ಮನೆಗೆ ಕೇಳಿಸುತ್ತದೆ.

ಈಗ ದೂರು ಕೊಡಬೇಕು. ವಕೀಲರು ಕೈಬರಹದಲ್ಲಿ ಕೊಟ್ಟ ಕರಡಿನಲ್ಲಿ “ಸದರಿ ಲಘು ಲಾಠಿ ಪ್ರಹಾರದ ವೇಳೆ ಅರ್ಜಿದಾರರು ಗಾಯಗೊಂಡಿದ್ದು” ಅಂತ ಇತ್ತು. ಅವರದ್ದೇನೂ ತಪ್ಪಿಲ್ಲ, ಬರೆಯುವ ರೂಢಿಯೇ ಅದು. ನಾನೇ ಎಷ್ಟು ಸಲ ಟೈಪ್ ಮಾಡಿದ್ದೇನೆ. ಆದರೆ ಆವತ್ತು ಪಕ್ಕದಲ್ಲಿ ಸ್ಟೂಲಿನ ಮೇಲೆ ಚಿಕ್ಕಪ್ಪ ಕೂತಿದ್ದರು, ಮೊಣಕೈ ಮೇಲಿನವರೆಗೂ ಸಿಮೆಂಟ್ ಪಟ್ಟಿ. ‘ಲಘು’ ಅಂತ ಬಂದ ಕಡೆ ನನ್ನ ಬೆರಳು ಓಡಲಿಲ್ಲ.

ಹಾಗಾಗಿ ಮೊದಲ ಪ್ರಶ್ನೆ ‘ಲಘು’ವಿನದು.

ಕನ್ನಡದಲ್ಲಿ ಲಘು ಅಂದ ಕಡೆಯೆಲ್ಲ ಏನಾದರೊಂದು ಅಳತೆ ಇರುತ್ತದೆ. ಛಂದಸ್ಸಿನಲ್ಲಿ ಲಘುವಿಗೆ 1 ಮಾತ್ರೆ, ಗುರುವಿಗೆ 2. ಲಘು ಮೋಟಾರು ವಾಹನ ಅಂದರೆ 7,500 ಕಿಲೋ ಮೀರಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಲಘು ಭೂಕಂಪ ಅಂದರೆ ರಿಕ್ಟರ್ ಮಾಪಕದ ಒಂದು ಅಂಕಿ ಜೊತೆಗೇ ಬರುತ್ತದೆ. ಲಾಠಿಯ ‘ಲಘು’ವಿಗೆ ಮಾತ್ರ ಮಾತ್ರೆಯೂ ಇಲ್ಲ, ಕಿಲೋನೂ ಇಲ್ಲ. ಇಂಗ್ಲಿಷಿನ ‘ಮೈಲ್ಡ್ ಲಾಠಿ ಚಾರ್ಜ್’ ಅನ್ನೋದನ್ನು ಹಾಗೇ ಇಳಿಸಿಕೊಂಡಿದ್ದೇವೆ ಅಂತ ನನಗೆ ಕಾಣುತ್ತದೆ. ಹೊಡೆದವರು ಹೇಳಿದ ಅಳತೆಯನ್ನೇ ಬರೆದುಕೊಂಡಿದ್ದೇವೆ, ಹೊಡೆಸಿಕೊಂಡವರನ್ನು ಕೇಳಿಲ್ಲ.

ಕಾನೂನು ಅಳೆಯುವುದು ಬೇರೆ ತರಹ. ಮೂಳೆ ಮುರಿದರೆ ಅದು ತೀವ್ರ ಗಾಯ. ಹಿಂದೆ ಭಾರತೀಯ ದಂಡ ಸಂಹಿತೆಯ 320ನೇ ಕಲಮಿನಲ್ಲಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 116ರಲ್ಲಿ ಇದೆ. ಹಾಗಾಗಿ ಚಿಕ್ಕಪ್ಪನ ಆಸ್ಪತ್ರೆ ಚೀಟಿಯಲ್ಲಿ ‘ತೀವ್ರ ಸ್ವರೂಪದ ಗಾಯ’ ಅಂತ ಬರೆದಿದ್ದಾರೆ. ಒಂದೇ ಏಟು ಒಂದು ಕಾಗದದಲ್ಲಿ ಲಘು, ಇನ್ನೊಂದು ಕಾಗದದಲ್ಲಿ ತೀವ್ರ. ಎರಡೂ ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇದ್ದವು.

ಸೈನ್ಯವನ್ನು ಕರೆಸಿ ಗುಂಪು ಚದುರಿಸಬೇಕಾದಾಗ ಏನು ಮಾಡಬೇಕು ಅಂತ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 130ನೇ ಕಲಮು ಹೇಳುತ್ತಿತ್ತು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 149. ಎಷ್ಟು ಕಡಿಮೆ ಬಲ ಸಾಕೋ ಅಷ್ಟೇ ಬಳಸಬೇಕು, ಜನರ ಮೈಗೂ ಆಸ್ತಿಗೂ ಆದಷ್ಟು ಕಡಿಮೆ ಹಾನಿ ಆಗಬೇಕು. ಬಲ ಮತ್ತು ಹಾನಿ, ಎರಡನ್ನೂ ಹೇಳಿದ್ದಾರೆ ನೋಡಿ. ಬೀಸುವ ಕೈಯನ್ನೂ ನೋಡು, ಬೀಳುವ ಮೈಯನ್ನೂ ನೋಡು ಅಂತ. ನಮ್ಮ ‘ಲಘು’ ಬೀಸುವ ಕೈಯನ್ನು ಮಾತ್ರ ನೋಡುತ್ತದೆ.

ಈ ‘ಬೀಸು’ ಅನ್ನೋ ಕ್ರಿಯಾಪದವೂ ನನ್ನನ್ನು ಕಾಡುತ್ತಿದೆ. “ಲಾಠಿ ಬೀಸಿದರು” ಅಂತ ಶೀರ್ಷಿಕೆ ಬರುತ್ತದಲ್ವಾ? ಗಾಳಿ ಬೀಸುತ್ತದೆ, ಬಲೆ ಬೀಸುತ್ತೇವೆ, ರಾಗಿ ಬೀಸುತ್ತೇವೆ. ಬೀಸಿದ್ದು ಎಲ್ಲಿ ಬಿತ್ತು ಅಂತ ಆ ಪದ ಹೇಳುವುದೇ ಇಲ್ಲ. ಗಾಳಿಯಲ್ಲಿ ಆಡಿಸಿ ಹೆದರಿಸಿದರೂ ಬೀಸಿದ್ದೇ, ತಲೆ ಒಡೆದರೂ ಬೀಸಿದ್ದೇ. ಇನ್ನು “ಲಾಠಿ ರುಚಿ ತೋರಿಸಿದರು” ಅಂತಲೂ ಬರೆಯುತ್ತಾರೆ. 2020ರ ಲಾಕ್‌ಡೌನ್ ಸಮಯದಲ್ಲಿ ದಿನಾ ಓದಿದೆವು. ಹಾಲು ತರಲು ಹೋದವನಿಗೆ ಹೊಡೆದದ್ದನ್ನು ರುಚಿ ಅಂತ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಬರೆಯುವ ಗೆಳೆಯರು ಯಾರಾದರೂ ಈ ಗುಂಪಿನಲ್ಲಿದ್ದರೆ, ದಯವಿಟ್ಟು ಆ ಒಂದು ಮಾತನ್ನು ಕೈಬಿಡಿ.

ಎರಡನೆಯದು ‘ಆಟ’.

ತಳ್ಳಾಟ, ನೂಕಾಟ, ಹೊಡೆದಾಟ, ಬಡಿದಾಟ, ಗುದ್ದಾಟ, ಕಿತ್ತಾಟ. ಈ ‘ಆಟ’ ಸೇರಿದ ಕೂಡಲೇ ಎರಡು ಕಡೆಯವರು ಬಂದುಬಿಡುತ್ತಾರೆ. ಇವನು ಅವನನ್ನು, ಅವನು ಇವನನ್ನು. ಒಬ್ಬನೇ ತಳ್ಳಿ ಇನ್ನೊಬ್ಬ ಬಿದ್ದರೆ ಅದನ್ನು ನಮ್ಮೂರಿನಲ್ಲಿ ಯಾರೂ ತಳ್ಳಾಟ ಅನ್ನುವುದಿಲ್ಲ, ತಳ್ಳಿದ ಅನ್ನುತ್ತಾರೆ. ಕನ್ನಡ ಇಷ್ಟು ಚೆಂದವಾಗಿ ಈ ವ್ಯತ್ಯಾಸ ಇಟ್ಟುಕೊಂಡಿದೆ, ವರದಿ ಬರೆಯುವಾಗ ಅದು ಮರೆತುಹೋಗುತ್ತದೆ. ಚಿಕ್ಕಪ್ಪ ಕೂತಿದ್ದರು. ಕೂತವರು ತಳ್ಳಾಟ ಆಡುವುದು ಹೇಗೆ?

‘ಚಕಮಕಿ’ಯೂ ಹೀಗೇ. ಚಕಮಕಿ ಕಲ್ಲನ್ನು ಉಕ್ಕಿನ ತುಂಡಿಗೆ ಉಜ್ಜಿ ಬೆಂಕಿ ಮಾಡುತ್ತಿದ್ದರು, ಎರಡೂ ಗಟ್ಟಿ ಇದ್ದರೇ ಕಿಡಿ ಹಾರುವುದು. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಹೆಲ್ಮೆಟ್ಟು, ಗುರಾಣಿ, ಲಾಠಿ. ಇದಕ್ಕೆ ಚಕಮಕಿ ಅನ್ನೋದು ಹೊಂದುತ್ತದಾ? ಪ್ರಶ್ನೆ ಕೇಳಿದವನ ಬಗ್ಗೆ ನಾವು ಟೈಪ್ ಮಾಡುವ ಮಾತುಗಳೂ ಒಂದೇ ಅಚ್ಚಿನವು: ‘ಏರು ದನಿಯಲ್ಲಿ ಮಾತನಾಡಿ’, ‘ಉದ್ಧಟತನ ತೋರಿ’, ‘ಕರ್ತವ್ಯಕ್ಕೆ ಅಡ್ಡಿಪಡಿಸಿ’. ಸುಮ್ನೆ ‘ಕೇಳಿದರು’ ಅನ್ನೋ ಪದ ನಾನು ಒಂದು ದೂರಿನಲ್ಲೂ ನೋಡಿಲ್ಲ.

ಪೊಲೀಸರ ಕಡೆಯ ಮಾತನ್ನೂ ಕೇಳಬೇಕು ಅಂತ ನಮ್ಮ ಬೀದಿಯಲ್ಲಿರುವ ಒಬ್ಬ ಹಿರಿಯ ಕಾನ್‌ಸ್ಟೆಬಲ್ ಅವರನ್ನು ಮಾತಾಡಿಸಿದೆ. ಒಳ್ಳೆಯ ಮನುಷ್ಯ. ಬಂದೋಬಸ್ತ್ ಅಂದರೆ ಬೆಳಗಿನ ಜಾವ ಐದಕ್ಕೆ ನಿಲ್ಲಿಸಿ ರಾತ್ರಿವರೆಗೆ ನೀರೂ ಕೊಡದ ದಿನಗಳಿವೆ ಅಂದರು. ಸ್ಟೇಷನ್ ಕಾಗದದಲ್ಲಿ ‘ಬಲಪ್ರಯೋಗ’ ಅಂತ ಬರೆಯುತ್ತೇವೆ ಅಂದರು. ಹೊಡೆಯುವುದಾದರೆ ಸೊಂಟದ ಕೆಳಗೆ, ಮಾಂಸ ಇರುವ ಕಡೆ, ತಲೆ ಮತ್ತು ಕೊರಳ ಮೂಳೆ ತಪ್ಪಿಸಬೇಕು, ತರಬೇತಿಯಲ್ಲಿ ಹಾಗೇ ಹೇಳಿಕೊಡೋದು ಅಂದರು. “ಆದ್ರೆ ಗಲಾಟೇಲಿ ಕೈ ಎಲ್ಲಿಗೆ ಹೋಗ್ತದೆ ಅಂತ ಯಾರಿಗೆ ಗೊತ್ತಮ್ಮಾ” ಅಂತಲೂ ಅಂದರು.

ಇದನ್ನು ಕೇಳಿದ ಮೇಲೆ ನಾನು ಚಿಕ್ಕಪ್ಪನ ಎಕ್ಸ್‌ರೇಯನ್ನು ಇನ್ನೊಂದು ಸಲ ಕಿಟಕಿಗೆ ಹಿಡಿದು ನೋಡಿದೆ. ಮುಂಗೈಯಲ್ಲಿ ಎರಡು ಮೂಳೆ. ಕಿರುಬೆರಳಿನ ಕಡೆಯದು ನಡುವೆ ಮುರಿದಿದೆ, ಹೆಬ್ಬೆರಳಿನ ಕಡೆಯದು ನೆಟ್ಟಗಿದೆ. ಡಾಕ್ಟರು ಇದಕ್ಕೆ ‘ನೈಟ್‌ಸ್ಟಿಕ್ ಫ್ರ್ಯಾಕ್ಚರ್’ ಅಂತ ಹೆಸರು ಹೇಳಿದರು. ನೈಟ್‌ಸ್ಟಿಕ್ ಅಂದರೆ ಅಮೆರಿಕದ ಪೊಲೀಸರ ದೊಣ್ಣೆ. ತಲೆಗೆ ಬರುವ ಏಟಿಗೆ ಕೈ ಎತ್ತಿ ಅಡ್ಡ ಹಿಡಿದಾಗ ಇದೇ ಮೂಳೆ ಎದುರಿಗೆ ಸಿಗುತ್ತದೆ, ಇದೇ ಮುರಿಯುತ್ತದೆ. ಅದಕ್ಕೇ ಆ ಹೆಸರು. ಸೊಂಟದ ಕೆಳಗೆ ಬರುವ ಏಟಿಗೆ ಯಾರೂ ಕೈ ಮೇಲೆತ್ತುವುದಿಲ್ಲ. ಡಾಕ್ಟರುಗಳ ಆ ಒಂದು ಪದದಲ್ಲಿ ಯಾವುದರಿಂದ ಹೊಡೆದರು, ಎಲ್ಲಿಗೆ ಗುರಿ ಇತ್ತು ಎಲ್ಲ ಇದೆ. ಕನ್ನಡದಲ್ಲಿ ನಾವು ‘ಕೈಗೆ ಪೆಟ್ಟಾಗಿದೆ’ ಅಂದೆವು.

ಇಲ್ಲಿಗೆ ನನ್ನ ಮೂರನೆಯ ಮತ್ತು ಮುಖ್ಯವಾದ ಪ್ರಶ್ನೆಗೆ ಬರುತ್ತೇನೆ. ಇದು ‘ಆಗು’ವಿನ ಪ್ರಶ್ನೆ. ಲಾಠಿ ಚಾರ್ಜ್ ಆಯ್ತು. ಗೋಲಿಬಾರ್ ಆಯ್ತು. ಪೆಟ್ಟಾಯ್ತು. ಮಳೆ ಆಯ್ತು ಅಂದ ಹಾಗೆ. ಗೋಲಿಬಾರ್ ಅನ್ನೋ ಪದದ ‘ಬಾರ್’ಗೂ ಪಾರಸಿಯಲ್ಲಿ ಸುರಿ, ಮಳೆಗರೆ ಅಂತಲೇ ಅರ್ಥ. ಗುಂಡಿನ ಮಳೆ. ಆದರೆ ಮಳೆಯನ್ನು ಯಾರೂ ಸುರಿಸುವುದಿಲ್ಲ, ಗುಂಡನ್ನು ಯಾರೋ ಹಾರಿಸಿರುತ್ತಾರೆ.

ನಮ್ಮ ನಾಡಿನ ದೊಡ್ಡ ಘಟನೆಗಳ ಹೆಸರನ್ನೇ ನೋಡಿ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದನ್ನು ‘ವಿದುರಾಶ್ವತ್ಥ ದುರಂತ’ ಅಂತ ಬರೆಯುವವರೂ ಇದ್ದಾರೆ, ‘ಹತ್ಯಾಕಾಂಡ’ ಅನ್ನುವವರೂ ಇದ್ದಾರೆ. ಬಸ್ಸು ಕೆರೆಗೆ ಬಿದ್ದರೂ ನಾವು ದುರಂತ ಅನ್ನುತ್ತೇವೆ. 2008ರಲ್ಲಿ ಗೊಬ್ಬರಕ್ಕೆ ನಿಂತ ರೈತರ ಮೇಲೆ ಗುಂಡು ಹಾರಿದ್ದು ‘ಹಾವೇರಿ ಗೋಲಿಬಾರ್’. 2019ರ ಡಿಸೆಂಬರ್ 19ರಂದು ಇಬ್ಬರು ಸತ್ತದ್ದು ‘ಮಂಗಳೂರು ಗೋಲಿಬಾರ್’. ಊರಿನ ಹೆಸರು ಮುಂದೆ, ಗೋಲಿಬಾರ್ ಹಿಂದೆ, ಮಾಡಿದವರು ಎಲ್ಲೂ ಇಲ್ಲ. 1980ರ ಜುಲೈ 21ರ ನರಗುಂದ, ನವಲಗುಂದ ಮಾತ್ರ ಬೇರೆ. ಆವತ್ತು ರೈತರೂ ಸತ್ತರು, ಪೊಲೀಸರೂ ಸತ್ತರು. ಜನ ಅದನ್ನು ‘ನರಗುಂದ ಬಂಡಾಯ’ ಅಂತ ನೆನಪಿಟ್ಟುಕೊಂಡರು, ಜುಲೈ 21ನ್ನು ರೈತ ಹುತಾತ್ಮ ದಿನ ಅಂದರು. ಬಂಡಾಯ ಅನ್ನೋದು ತಾವು ಏನು ಮಾಡಿದೆವು ಅನ್ನುವ ಹೆಸರು, ತಮಗೆ ಏನಾಯ್ತು ಅನ್ನುವ ಹೆಸರಲ್ಲ. ಇದು ನನಗೆ ತುಂಬಾ ಹಿಡಿಸಿತು.

‘ಅಶ್ರುವಾಯು’, ‘ಜಲಫಿರಂಗಿ’ ಬಗ್ಗೆಯೂ ಕೇಳಬೇಕು ಅಂತಿದ್ದೆ, ಇನ್ನೊಮ್ಮೆ ನೋಡೋಣ. ‘ವಶಕ್ಕೆ ಪಡೆದರು’ ಬಗ್ಗೆ ಮಾತ್ರ ಒಂದು ಮಾತು. ಗಾಂಜಾವನ್ನೂ ವಶಕ್ಕೆ ಪಡೆಯುತ್ತಾರೆ, ಬೈಕನ್ನೂ ಪಡೆಯುತ್ತಾರೆ, ಕೂತಿದ್ದ ಮನುಷ್ಯನನ್ನೂ ಪಡೆಯುತ್ತಾರೆ. ‘ಬಂಧಿಸಿದರು’ ಅಂದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಸಂವಿಧಾನದ 22ನೇ ವಿಧಿಯ ಮಾತದು. ‘ವಶ’ ಅಂತ ಬರೆದಾಗ ಓದುವವರಿಗೆ ಆ ಗಡಿಯಾರ ಕೇಳಿಸುವುದೇ ಇಲ್ಲ.

ಮ್ಯಾಜಿಸ್ಟ್ರೇಟರಿಗೆ ಕನ್ನಡದಲ್ಲಿ ದಂಡಾಧಿಕಾರಿ ಅನ್ನುತ್ತೇವೆ. ತಹಸೀಲ್ದಾರರ ಬೋರ್ಡಿನಲ್ಲಿ ‘ತಾಲ್ಲೂಕು ದಂಡಾಧಿಕಾರಿಗಳು’ ಅಂತ ಇರುತ್ತದೆ. ದಂಡ ಅಂದರೆ ಕೋಲೇ. ಕಾನೂನು ಬಾಹಿರ ಕೂಟ ಅಂತಾದರೆ, ಇಲ್ಲವೇ ಕನಿಷ್ಠ 5 ಜನ ಸೇರಿ ಶಾಂತಿ ಕದಡುವ ಹಾಗಿದ್ದರೆ, ಮೊದಲು ಚದುರಿ ಹೋಗಿ ಅಂತ ಬಾಯಲ್ಲಿ ಹೇಳಬೇಕಾದವರು ಈ ದಂಡಾಧಿಕಾರಿಗಳು, ಇಲ್ಲವೇ ಠಾಣಾಧಿಕಾರಿ, ಸಬ್ ಇನ್‌ಸ್ಪೆಕ್ಟರ್ ದರ್ಜೆಯವರು. ಕೇಳದಿದ್ದರೆ ಆಮೇಲೆ ಬಲ. 2024ರ ಜುಲೈ 1ರವರೆಗೆ ಅದು ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 148. ಚಿಕ್ಕಪ್ಪ “ಯಾರ ಆರ್ಡರ್” ಅಂತ ಕೇಳಿದ್ದು ಇದನ್ನೇ. ಅವರಿಗೆ ಕಲಮಿನ ನಂಬರು ಗೊತ್ತಿರಲಿಲ್ಲ ಅಷ್ಟೇ.

ಹಾಗಾದರೆ ದೂರಿನಲ್ಲಿ ನಾನು ಏನು ಬರೆಯಲಿ?

ಊರಿನಲ್ಲಿ ಪದಗಳಿಗೆ ಬರವಿಲ್ಲ. ಚಿಕ್ಕಮ್ಮ “ಚಚ್ಚಿ ಹಾಕಿದ್ರು ಕಣಮ್ಮಾ” ಅನ್ನುತ್ತಾರೆ. ಪಕ್ಕದ ಮನೆಯವರು “ಬತ್ತ ಬಡ್ದಂಗೆ ಬಡ್ದ್ರು” ಅಂದರು. ಬಾರಿಸು, ತದುಕು, ಥಳಿಸು ಇವೆಲ್ಲ ಇವೆ. ಬೆನ್ನ ಮೇಲೆ ಎದ್ದ ಗೆರೆಗಳಿಗೆ ‘ಬಾಸುಂಡೆ’ ಅನ್ನೋ ಪದ ಇದೆ. ಅದನ್ನು ನಾನು ದೂರಿನಲ್ಲಿ ಹಾಕಿಯೇ ಹಾಕುತ್ತೇನೆ, ಎರಡು ಬಾಸುಂಡೆ ಇನ್ನೂ ಮಾಸಿಲ್ಲ. ಆದರೆ ‘ಚಚ್ಚಿದರು’ ಅಂತ ಬರೆದರೆ ಉತ್ಪ್ರೇಕ್ಷೆ ಅಂತ ಪಕ್ಕಕ್ಕಿಡುತ್ತಾರೆ, ‘ಪ್ರಹಾರ’ ಅಂದರೆ ನೋವೇ ಕಾಣುವುದಿಲ್ಲ. ನನಗೆ ನಡುವಿನ ಪದ ಬೇಕು, ಜೋರೂ ಆಗಬಾರದು, ಮುಚ್ಚಲೂಬಾರದು. “ಪೊಲೀಸರು ಲಾಠಿಯಿಂದ ಹೊಡೆದರು” ಅಂತಲೇ ಬರೆದರೆ ಸಾಕಾ? ಅದರಲ್ಲಿ ಯಾರು, ಯಾವುದರಿಂದ, ಏನು, ಮೂರೂ ಇವೆ. ವಕೀಲರು ಇದು ತೀರಾ ಮನೆಮಾತಿನ ಹಾಗಿದೆ ಅನ್ನುತ್ತಾರೆ. ನನಗೇನೋ ಸರಿಯಾಗೇ ಕಾಣುತ್ತದೆ.

ಮೂಳೆ ಕಟ್ಟಿಸಲು ಹೋದ ದಿನ ನಾನೂ ಜೊತೆಗಿದ್ದೆ. ಚೀಟಿ ಬರೆಯುವ ಹುಡುಗ ತಲೆ ಎತ್ತದೆ ಕೇಳಿದ: “ಕೈ ಹೇಗೆ ಮುರೀತು?” ಚಿಕ್ಕಪ್ಪ ಎಂದಿನ ಜೋರು ದನಿ ಬಿಟ್ಟು ಮೆಲ್ಲಗೆ ಹೇಳಿದರು: “ಮುರೀಲಿಲ್ಲಪ್ಪ. ಮುರುದ್ರು.” ಮುರಿ ಅನ್ನೋ ಒಂದೇ ಧಾತು. ತಾನಾಗಿ ಆದರೆ ‘ಮುರಿಯಿತು’, ಯಾರಾದರೂ ಮಾಡಿದರೆ ‘ಮುರಿದರು’. ಹುಡುಗ ಒಂದು ಗಳಿಗೆ ಪೆನ್ನು ಹಿಡಿದು ಕೂತ. ಆಮೇಲೆ ‘ಕೈಗೆ ಪೆಟ್ಟು’ ಅಂತ ಬರೆದ.

ದಯವಿಟ್ಟು ತಿಳಿಸಿ. ಚಿಕ್ಕಮಗಳೂರು, ಮೂಡಿಗೆರೆ ಕಡೆ ಇದಕ್ಕೆ ಏನನ್ನುತ್ತೀರಿ? ಉತ್ತರ ಕರ್ನಾಟಕದವರು, ಕರಾವಳಿಯವರು ಹೇಗೆ ಹೇಳುತ್ತೀರಿ? ‘ಲಘು ಲಾಠಿ ಪ್ರಹಾರ’ ಅನ್ನೋದನ್ನು ನೀವು ಮೊದಲು ಓದಿದ್ದು ಯಾವಾಗ, ಹಳೆಯ ಪತ್ರಿಕೆ ಇಟ್ಟುಕೊಂಡವರು ಒಮ್ಮೆ ತಿರುವಿ ನೋಡುತ್ತೀರಾ? ಕೋರ್ಟಿನಲ್ಲಿ ಕೆಲಸ ಮಾಡುವವರು ಯಾರಾದರೂ ‘ಹೊಡೆದರು’ ಅಂತ ನೇರವಾಗಿ ಬರೆದ ದೂರನ್ನು ನೋಡಿದ್ದರೆ ಅದನ್ನೂ ಹೇಳಿ. ಗುರುವಾರ ದೂರು ಸಲ್ಲಿಸಬೇಕು. ಬುಧವಾರ ರಾತ್ರಿಯವರೆಗೂ ಆ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ.