ಪುಟ್ಟನ ಲಂಗದ ವಿಷಯಕ್ಕೆ ನನ್ನ ಮಾತು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಕೈಯಲ್ಲಿ ಕೆಲಸ ಇದ್ದರೆ ಮಾಡಿಕೊಳ್ಳುತ್ತಲೇ ಕೇಳಿ. ಬೆಳಿಗ್ಗೆಯಿಂದ ನಮ್ಮ ಮನೆಯವರ ಗ್ರೂಪಿನಲ್ಲಿ ಬಂದ ಮೆಸೇಜೆಲ್ಲ ಓದಿದೆ. ಈ ಸಲ ನವರಾತ್ರಿಗೆ ಅಕ್ಕನ ಹಾಗೆ ನನಗೂ ಲಂಗ ಬೇಕು, ಅದನ್ನೇ ಹಾಕಿಕೊಂಡು ಬೀದಿಯ ಮನೆಗಳಿಗೆ ಗೊಂಬೆ ನೋಡಲು ಹೋಗುತ್ತೇನೆ ಅಂತ ತಂಗಿಯ ಮಗ ಪುಟ್ಟ ಹಟ ಹಿಡಿದಿದ್ದಾನೆ. ಏನು ಮಾಡಲಿ ಅಂತ ತಂಗಿ ಇಲ್ಲಿ ಕೇಳಿದಳು. ಮಂಡ್ಯದ ದೊಡ್ಡಪ್ಪ, ನಾನು ಅವನಿಗೆ ಕೊಟ್ಟ ಚಿತ್ರಪುಸ್ತಕದಿಂದಲೇ ಇದು ಶುರುವಾಯಿತು, ಇಂಥ ಕಥೆಗಳು ಮಕ್ಕಳ ತಲೆ ಕೆಡಿಸುತ್ತವೆ ಅಂದರು. ಪುಸ್ತಕ ಕೊಟ್ಟವಳು ನಾನು. ಉತ್ತರವೂ ನಾನೇ ಕೊಡಬೇಕು ಅಲ್ವಾ?

ಮೊದಲು ಆ ಪುಸ್ತಕದಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಜಾಸ್ತಿ ಜನ ಅದನ್ನು ನೋಡಿಲ್ಲ. ಹೆಸರು ‘ಹೂಲಿಯಾನ್ ಈಸ್ ಎ ಮರ್ಮೇಯ್ಡ್’. ಜೆಸಿಕಾ ಲವ್ ಅನ್ನುವವರು ಬರೆದು, ಚಿತ್ರವನ್ನೂ ಅವರೇ ಬಿಡಿಸಿದ್ದು. 2018ರಲ್ಲಿ ಬಂತು. ಹೂಲಿಯಾನ್ ಅನ್ನುವ ಹುಡುಗ ಅಜ್ಜಿಯ ಜೊತೆ ರೈಲಿನಲ್ಲಿ ಬರುತ್ತಿರುತ್ತಾನೆ. ಮತ್ಸ್ಯಕನ್ಯೆಯರ ವೇಷ ತೊಟ್ಟ ಹೆಂಗಸರು ಅದೇ ಬೋಗಿಗೆ ಹತ್ತುತ್ತಾರೆ. ಹುಡುಗನಿಗೆ ಕಣ್ಣು ಕೀಳಲು ಆಗುವುದಿಲ್ಲ. ಮನೆಗೆ ಬಂದು ಅಜ್ಜಿ ಸ್ನಾನಕ್ಕೆ ಹೋದಾಗ ಇವನು ಕುಂಡದ ಗಿಡದಿಂದ ಎಲೆ ಕಿತ್ತು ತಲೆಗೆ ಸಿಕ್ಕಿಸಿಕೊಳ್ಳುತ್ತಾನೆ, ಹೂ ಮುಡಿಯುತ್ತಾನೆ. ಕಿಟಕಿಯ ಪರದೆ ಇಳಿಸಿ ಸೊಂಟಕ್ಕೆ ಸುತ್ತಿ ಬಾಲ ಮಾಡಿಕೊಳ್ಳುತ್ತಾನೆ. ಅಷ್ಟರಲ್ಲಿ ಅಜ್ಜಿ ಟವೆಲ್ ಸುತ್ತಿಕೊಂಡು ಆಚೆ ಬರುತ್ತಾರೆ. ನೋಡುತ್ತಾರೆ. ಒಳಗೆ ಹೋಗಿಬಿಡುತ್ತಾರೆ.

ನಮ್ಮ ಬೀದಿಯ ಮಕ್ಕಳಿಗೆ ಕಥೆ ಹೇಳುವಾಗ ನಾನು ಪ್ರತಿ ಸಲ ಇಲ್ಲೇ ನಿಲ್ಲಿಸುತ್ತೇನೆ. ಪುಸ್ತಕದಲ್ಲಿ ಮಾತು ಬಹಳ ಕಡಿಮೆ, ಚಿತ್ರವೇ ಎಲ್ಲ. ಹಾಗಾಗಿ ಕನ್ನಡದಲ್ಲಿ ಆರಾಮಾಗಿ ಹೇಳಬಹುದು. ‘ಈಗ ಅಜ್ಜಿ ಏನು ಮಾಡುತ್ತಾರೆ ಹೇಳಿ’ ಅಂತ ಕೇಳಿದೆ. ‘ಹೊಡೆಯುತ್ತಾರೆ’ ಅಂದವರೇ ಜಾಸ್ತಿ. ಒಬ್ಬ ಹುಡುಗ ಯೋಚನೆ ಮಾಡಿ, ‘ಪರದೆ ಕೊಳೆ ಆಯ್ತು ಅಂತ ಬೈತಾರೆ’ ಅಂದ. ಅವನ ತಲೆಯಲ್ಲಿ ತಪ್ಪು ಇದ್ದದ್ದು ಪರದೆಯದು, ವೇಷದ್ದಲ್ಲವೇ ಅಲ್ಲ. ಆಮೇಲೆ ಪುಟ ತಿರುಗಿಸಿದೆ. ಅಜ್ಜಿ ಸೀರೆ ಉಡುವ ಊರಿನವರಲ್ಲ, ತಮ್ಮ ಚೆಂದದ ಗೌನು ಹಾಕಿಕೊಂಡು ಬಂದಿದ್ದಾರೆ. ಕೈಯಲ್ಲಿ ಒಂದು ಮಣಿಸರ. ಅದನ್ನು ಹುಡುಗನಿಗೆ ಕೊಟ್ಟು, ಕೈಹಿಡಿದು ಮತ್ಸ್ಯಕನ್ಯೆಯರ ಮೆರವಣಿಗೆಗೆ ಕರೆದುಕೊಂಡು ಹೋಗುತ್ತಾರೆ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1983ರಿಂದ ಇಂಥ ಮೆರವಣಿಗೆ ನಿಜವಾಗಿಯೂ ನಡೆಯುತ್ತಿದೆ. ನಮ್ಮ ಮಕ್ಕಳು ಆ ಪುಟವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು. ನನಗೆ ಈ ಕಥೆಯಲ್ಲಿ ಇಷ್ಟವಾದದ್ದು ಆ ಮಣಿಸರವೇ. ಅಜ್ಜಿ ಬುದ್ಧಿ ಹೇಳಲಿಲ್ಲ, ಮುದ್ದು ಮಾಡಿ ದೊಡ್ಡ ಭಾಷಣವನ್ನೂ ಮಾಡಲಿಲ್ಲ. ಮೊಮ್ಮಗನ ವೇಷಕ್ಕೆ ಏನು ಕಡಿಮೆ ಇದೆ ಅಂತ ನೋಡಿ ತಂದುಕೊಟ್ಟರು.

ದೊಡ್ಡಪ್ಪ, ಪುಸ್ತಕದಿಂದ ಶುರುವಾಯಿತು ಅನ್ನುವುದು ಸರಿಯಲ್ಲ. ಯುಗಾದಿಯಲ್ಲಿ ಅಕ್ಕನ ಲಂಗದ ಜರಿಯನ್ನು ಅವನು ಬೆರಳಲ್ಲಿ ಸವರುತ್ತಾ ಕೂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಆಗ ಆ ಪುಸ್ತಕ ನಮ್ಮ ಮನೆಗೂ ಬಂದಿರಲಿಲ್ಲ.

ಇನ್ನೊಂದು ಮಾತು. ನಿಮ್ಮ ನಡುಮನೆಯ ಗೋಡೆಯಲ್ಲಿ ನಿಮ್ಮದೇ ಒಂದು ಫೋಟೋ ಇದೆ. ಮುಡಿ ಕೊಡುವ ಮುಂಚೆ ಸ್ಟುಡಿಯೋದಲ್ಲಿ ತೆಗೆಸಿದ್ದು. ಲಂಗ, ಡಾಬು, ಕಾಲಿಗೆ ಗೆಜ್ಜೆ, ಮೊಗ್ಗಿನ ಜಡೆ. ಜಡೆ ಕಾಣಲಿ ಅಂತ ಬೆನ್ನ ಹಿಂದೆ ಕನ್ನಡಿ ಇಟ್ಟಿದ್ದಾರೆ. ನೀವು ಅತ್ತು ಅತ್ತು ಕಾಡಿಗೆ ಕೆನ್ನೆಗೆ ಇಳಿದಿದೆ. ಆ ಫೋಟೋ ತೋರಿಸಿ ನಮ್ಮ ಅಜ್ಜಿ ಎಷ್ಟು ಹೆಮ್ಮೆಪಡುತ್ತಿದ್ದರು! ಮೈಸೂರು, ಮಂಡ್ಯ ಕಡೆ ಹಳೆಯ ಮನೆಗಳಲ್ಲಿ ಹೀಗೆ ಅಲಂಕಾರ ಮಾಡಿಸಿಕೊಂಡ ಗಂಡುಮಕ್ಕಳ ಫೋಟೋ ಬೇಕಾದಷ್ಟಿವೆ. ಯಾರೂ ಅದನ್ನು ಮುಚ್ಚಿಟ್ಟಿಲ್ಲ. ಈಗ ನೋಡಿ, ಮಗು ಬೇಡ ಬೇಡ ಅಂತ ಅತ್ತರೂ ನಮಗೆ ಇಷ್ಟ ಅಂತ ಲಂಗ ಉಡಿಸಿದೆವು, ಅದು ಚೆಂದ. ಇನ್ನೊಂದು ಮಗು ತಾನೇ ಬಾಯಿಬಿಟ್ಟು ನನಗೆ ಲಂಗ ಇಷ್ಟ ಅಂದರೆ ಅದು ತಪ್ಪು. ನನಗೆ ನೋವಾಗುವುದು ಇಲ್ಲೇ. ಬಟ್ಟೆ ಅದೇ. ಈ ಸಲ ಇಷ್ಟ ಯಾರದು ಅನ್ನುವುದಷ್ಟೇ ಬದಲಾಗಿದೆ.

ಊರ ಕಡೆ ಕುರುಕ್ಷೇತ್ರ ನಾಟಕ ಆಡುವಾಗಲೂ ಅಷ್ಟೇ. ಹೆಣ್ಣು ಕಲಾವಿದರನ್ನು ಕರೆಸುವ ಮುಂಚೆ ದ್ರೌಪದಿ ಪಾತ್ರಕ್ಕೆ ಸೀರೆ ಉಟ್ಟು ನಿಂತವರು ನಮ್ಮ ಊರಿನ ಗಂಡಸರೇ. ರಾತ್ರಿಯೆಲ್ಲ ಕೂತು ನೋಡಿ, ಬೆಳಿಗ್ಗೆ ಅವರ ಜೊತೆಯಲ್ಲೇ ಗದ್ದೆಗೆ ಹೋಗುತ್ತಿದ್ದರು ಜನ. ವಿರಾಟನ ಅರಮನೆಯಲ್ಲಿ ಅರ್ಜುನ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದ ಕಥೆಯನ್ನು ನನಗೆ ಹೇಳಿದವರು ನೀವೇ ದೊಡ್ಡಪ್ಪ. ಎಷ್ಟು ಚೆನ್ನಾಗಿ ಹೇಳುತ್ತಿದ್ದಿರಿ! ಪುಟ್ಟನಿಗೂ ಅದನ್ನು ನೀವೇ ಹೇಳಬೇಕು ಅಂತ ನನಗೆ ಆಸೆ.

ರಾಜ್ಯೋತ್ಸವದ ವೇಷ ಸ್ಪರ್ಧೆಯಲ್ಲಿ ಹುಡುಗಿ ಮೀಸೆ ಬರೆದುಕೊಂಡು ಸಂಗೊಳ್ಳಿ ರಾಯಣ್ಣನಾಗಿ ಬಂದರೆ ಚಪ್ಪಾಳೆ ಬೀಳುತ್ತೆ. ಹುಡುಗ ಒನಕೆ ಹಿಡಿದು ಓಬವ್ವನಾಗಿ ಬಂದರೆ ಅದೇ ಜನ ನಗುತ್ತಾರೆ. ಓಬವ್ವನೂ ವೀರಳೇ ಅಲ್ವಾ? ಅವಳಾಗುವುದು ಒಬ್ಬ ಹುಡುಗನಿಗೆ ಯಾಕೆ ಅವಮಾನ? ಈ ಪ್ರಶ್ನೆಗೆ ನನಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಇದೆಲ್ಲ ಹೊರದೇಶದ ಕಥೆ ಅಂತ ಚಿಕ್ಕಮ್ಮ ಬರೆದಿದ್ದರು. ನಮ್ಮ ದೇಶದ್ದೂ ಇದೆ ಚಿಕ್ಕಮ್ಮ. ಕನಕ್ ಶಶಿ ಬರೆದ ‘ಗುಠ್ಲಿ ಹ್ಯಾಸ್ ವಿಂಗ್ಸ್’, ಚೆನ್ನೈನ ತೂಲಿಕಾ ಪ್ರಕಾಶನದವರು 2019ರಲ್ಲಿ ತಂದದ್ದು. ಗುಠ್ಲಿ ಸೈಕಲ್ ಹೊಡೆದುಕೊಂಡು ಕುಣಿದುಕೊಂಡು ಇರುವ ಮಗು. ಮನೆಯವರು ಗಂಡು ಅನ್ನುತ್ತಾರೆ, ಮಗುವಿನ ಮನಸ್ಸು ಹಾಗೆ ಹೇಳುವುದಿಲ್ಲ. ಹಬ್ಬದ ದಿನ ಅಕ್ಕನ ಫ್ರಾಕ್ ಹಾಕಿಕೊಂಡಾಗ ಅಮ್ಮ ಗದರುತ್ತಾಳೆ. ಅವತ್ತಿನಿಂದ ಮಗು ಮಂಕಾಗಿಬಿಡುತ್ತೆ. ಅದನ್ನು ನೋಡಲಾಗದೆ ಅಮ್ಮನೇ ಕೊನೆಗೆ ಫ್ರಾಕ್ ಕೊಡುತ್ತಾಳೆ. ಆ ಅಮ್ಮ ಕೆಟ್ಟವಳಲ್ಲ. ಹಬ್ಬದ ದಿನ ಮನೆ ತುಂಬ ಕೆಲಸ, ನಾಲ್ಕು ಜನ ಏನಂತಾರೋ ಅನ್ನುವ ಹೆದರಿಕೆ. ನಮ್ಮ ಮನೆಯ ಅಡುಗೆಮನೆಯಲ್ಲೇ ನಿಂತಿರುವವಳ ಹಾಗೆ ಕಾಣುತ್ತಾಳೆ ನನಗೆ.

‘ಮುಂದೆ ಇವನು ಏನಾಗುತ್ತಾನೋ’ ಅಂತ ತಂಗಿ ನನಗೆ ಬೇರೆಯಾಗಿ ಫೋನ್ ಮಾಡಿ ಅತ್ತಳು. ಇಲ್ಲೇ ಹೇಳುತ್ತೇನೆ, ಎಲ್ಲರೂ ಕೇಳಲಿ. ಲಂಗ ಕೇಳುವ ಹುಡುಗರಲ್ಲಿ ಎಷ್ಟೋ ಜನಕ್ಕೆ ಬಣ್ಣ ಇಷ್ಟ, ಗಿರ್ರನೆ ತಿರುಗಿದರೆ ಬಟ್ಟೆ ಅರಳುವುದು ಇಷ್ಟ, ಅಷ್ಟೇ. ಕೆಲವು ಮಕ್ಕಳು ತಾವು ಯಾರು ಅನ್ನುವುದನ್ನೇ ಹೇಳುತ್ತಿರುತ್ತಾರೆ. ಪುಟ್ಟ ಯಾವುದು ಅಂತ ಈಗ ನಾವು ತೀರ್ಮಾನ ಮಾಡಬೇಕಾಗಿಲ್ಲ, ಅವನನ್ನು ಕೂರಿಸಿ ವಿಚಾರಣೆ ಮಾಡುವುದಂತೂ ಬೇಡವೇ ಬೇಡ. ಯಾವುದೇ ಆಗಲಿ, ಅವನು ನಮ್ಮ ಹುಡುಗ. ಗಂಡುಮಗು ಅಂತ ಬೆಳೆಸಿದರೂ ತಾನು ಹೆಣ್ಣು ಅಂದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರನ್ನು ನೆನೆಸಿಕೊಳ್ಳಿ. ಚಿಕ್ಕ ವಯಸ್ಸಿನಲ್ಲಿ ಮನೆಯವರೇ ಒಪ್ಪದೆ, ಮನೆ ಬಿಟ್ಟು ಪಡಬಾರದ ಕಷ್ಟ ಪಟ್ಟವರು. ಆಮೇಲೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲ, ಟಿವಿಯಲ್ಲಿ ನಾವೆಲ್ಲ ನೋಡಿ ಕಣ್ಣು ಒರೆಸಿಕೊಂಡೆವು. ಅಷ್ಟು ದೂರದವರಿಗೆ ಅತ್ತ ನಾವು ನಮ್ಮ ಮಗುವಿಗೆ ಬಾಗಿಲು ಹಾಕುವುದು ಬೇಡ.

ಬೀದಿಯವರು ನಗುತ್ತಾರೆ ಅನ್ನುವುದು ನಿಜವಾದ ಚಿಂತೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೇ ಅವನನ್ನು ಒಬ್ಬನೇ ಕಳಿಸಬೇಡಿ. ಮೊದಲ ದಿನ ನಾನೂ ಬರುತ್ತೇನೆ, ಅವನ ಅಪ್ಪನೂ ಬರಲಿ. ಯಾರಾದರೂ ಕೇಳಿದರೆ ‘ಅವನಿಗೆ ಇಷ್ಟ, ಹೊಲಿಸಿದೆವು’ ಅಂದರೆ ಸಾಕು. ದನಿ ಎತ್ತುವುದು ಬೇಡ, ಸಮಜಾಯಿಷಿಯೂ ಬೇಡ. ದೊಡ್ಡವರು ನಾಚಿಕೊಳ್ಳದೆ ನಿಂತರೆ ಎದುರಿನವರೂ ಚರುಪಿನ ತಿಂಡಿ ಕೈಗಿಟ್ಟು ಸುಮ್ನೆ ಆಗುತ್ತಾರೆ. ಶಾಲೆಗೂ ಹಾಕಿಕೊಂಡು ಹೋಗುತ್ತೇನೆ ಅಂದರೆ ಅದನ್ನು ಆಮೇಲೆ ಕೂತು ಮಾತಾಡೋಣ, ಈಗ ಹಬ್ಬ ನೋಡೋಣ.

ಲಂಗಕ್ಕೆ ಬಟ್ಟೆ ಕೊಳ್ಳಬೇಡ ತಂಗಿ. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯಲ್ಲಿ ಕೊಂಡಿದ್ದ ನನ್ನ ಹಸಿರು ಸೀರೆ ಮಡಿಕೆಯಲ್ಲಿ ಬಿಟ್ಟುಕೊಂಡಿದೆ, ಆದರೆ ಅಂಚಿನ ಜರಿ ಹಾಗೇ ಇದೆ. ಅದರಲ್ಲೇ ಹೊಲಿಸುತ್ತೇನೆ. ಲಾಡಿ ಬೇಡ, ಓಡಾಡುವಾಗ ಬಿಚ್ಚಿಹೋಗುತ್ತೆ, ಸೊಂಟಕ್ಕೆ ಎಲಾಸ್ಟಿಕ್ ಹಾಕಿಸೋಣ. ಒಳಗೆ ಹತ್ತಿಯ ಲೈನಿಂಗ್. ಒಂದು ಜೇಬನ್ನೂ ಇಡಿಸುತ್ತೇನೆ, ಅಕ್ಕನ ಲಂಗಕ್ಕೆ ಇಲ್ಲ ಅಂತ ಅವನೇ ಹೇಳಿದ್ದ. ಹಬ್ಬ ಹತ್ತಿರ ಬಂದರೆ ದರ್ಜಿ ಬಟ್ಟೆ ಮುಟ್ಟುವುದಿಲ್ಲ, ಆದ್ದರಿಂದ ಸೊಂಟದ ಅಳತೆ, ಸೊಂಟದಿಂದ ಹಿಮ್ಮಡಿವರೆಗಿನ ಉದ್ದ ಇವತ್ತು ರಾತ್ರಿಯೇ ಕಳಿಸು. ಮೇಲೆ ಬಿಳಿ ಜುಬ್ಬಾನೋ ರವಿಕೆಯೋ ಅಂತ ಅವನನ್ನೇ ಕೇಳಿ ಹೇಳು.